ಗುಡ್ಡದ ಮೈ ಬಲ್ಲವರು

ಡಿಸೆಂಬರ್ ಹತ್ತಿರ ಬಂತೆಂದರೆ ನಮ್ಮ ಕಡೆಯ ಹುಡುಗರಿಗೆ ಈಗ ಉತ್ತರಾಖಂಡದ ಕೇದಾರಕಾಂಠ ಕರೆಯುತ್ತದೆ. ಸುಮಾರು 12,500 ಅಡಿ ಎತ್ತರ, ಮೇಲೆ ಹಿಮ. ಬೆಟಗೇರಿಯ ಚಹಾದಂಗಡಿಯಲ್ಲಿ ಕೂತು ಬೂಟಿನ ಬೆಲೆ, ತತ್ಕಾಲ್ ಟಿಕೆಟ್ಟು, ಬಾಡಿಗೆಗೆ ಸಿಗುವ ಜಾಕೀಟು ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಅದೇ ಹೊತ್ತಿಗೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಲಕ್ಷ್ಮೇಶ್ವರದ ದಾರಿಯ ಮಾಗಡಿ ಕೆರೆಯಲ್ಲಿ ಇಳಿದು, ಸುತ್ತಲಿನ ಹೊಲಗಳಲ್ಲಿ ಮೇಯುತ್ತಿರುತ್ತವೆ. ಇವರು ಅತ್ತ, ಅವು ಇತ್ತ.

ಹೋಗಿಬರಲಿ, ನನ್ನ ತಕರಾರಿಲ್ಲ. ಆದರೆ ಅಲ್ಲಿ ಯೋಜನೆ ಎಂಬುದು ಹಣ ಕಟ್ಟುವುದರೊಂದಿಗೆ ಮುಗಿಯುತ್ತದೆ. ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಲ್ಲವೂ ಬೇರೆಯವರು ಬರೆದಿಟ್ಟದ್ದು. ತಾನೇ ಯೋಚಿಸಿ ಒಂದು ಗುಡ್ಡ ಹತ್ತಬೇಕೆನ್ನುವವನಿಗೆ ಗದಗದಿಂದ ಮುಂಡರಗಿ ಬಸ್ಸು ಹಿಡಿದು ದಂಬಳದಲ್ಲಿ ಇಳಿದರೂ ಸಾಕು. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸೆಂದು ನಮ್ಮ ಹಿರಿಯರು ಆಡುತ್ತಿದ್ದ ಕಪ್ಪತಗುಡ್ಡ ಅಲ್ಲಿಂದಲೇ ಕಾಣುತ್ತದೆ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಗಳಿಗೆ ಹಬ್ಬಿದ ಈ ಸಾಲು ಎತ್ತರದಲ್ಲಿ ಹಿಮಾಲಯದ ಮುಂದೆ ಏನೂ ಅಲ್ಲ. ಆದರೆ ಹತ್ತುವವನಿಗೆ ಇದು ಕೇಳುವ ಪ್ರಶ್ನೆಗಳು ಸಣ್ಣವಲ್ಲ.

ಮೊದಲನೆಯದು ನಕ್ಷೆಯದು. ಈ ಗುಡ್ಡದ ಬಗ್ಗೆ ಕಾಗದ ಬರೆದವರೇನೂ ಕಡಿಮೆಯಿಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಷ್ಟು ಹಿಂದೆಯೇ ‘ದಂಬಳದ ಗುಡ್ಡ’ಗಳ ಚಿನ್ನದ ಕಲ್ಲುಗಳ ಮೇಲೆ ಪ್ರಬಂಧ ಪ್ರಕಟಿಸಿದ. ಮುಂದೆ ಇಂಥ ಶಿಲೆಗಳಿಗೆಲ್ಲ ‘ಧಾರವಾಡ’ದ ಹೆಸರಿಟ್ಟು ಜಗತ್ತಿನ ಭೂವಿಜ್ಞಾನಕ್ಕೆ ಪರಿಚಯಿಸಿದವನೂ ಅವನೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬುಲಾಯತಕಟ್ಟಿಯ ಸುತ್ತ ಕಂಪನಿಗಳು ಚಿನ್ನಕ್ಕಾಗಿ ನೆಲ ಅಗೆದವು. ಆಮೇಲೆ ಕಬ್ಬಿಣ, ಮ್ಯಾಂಗನೀಸು, ತಾಮ್ರದ ಲೆಕ್ಕ. ನಮ್ಮ ಕಾಲಕ್ಕೆ ಗಾಳಿಯ ಲೆಕ್ಕ ಹಾಕಿ, ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲನ್ನೇ ನಿಲ್ಲಿಸಿದರು. ಗುಡ್ಡದ ಹೊಟ್ಟೆಯಲ್ಲಿ ಏನಿದೆ, ತಲೆಯ ಮೇಲೆ ಎಷ್ಟು ಗಾಳಿ ಬೀಸುತ್ತದೆ ಎಂಬುದಕ್ಕೆ ದಾಖಲೆ ಬೇಕಾದಷ್ಟಿದೆ. ನಡೆಯುವವನಿಗೆ ಬೇಕಾದದ್ದು ಗುಡ್ಡದ ಮೈ: ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ, ಯಾವ ಕಾಲುದಾರಿ ಮಳೆಗೆ ಕೊಚ್ಚಿಹೋಗಿದೆ, ಮಧ್ಯಾಹ್ನ ನೆರಳು ಎಲ್ಲಿ ಬೀಳುತ್ತದೆ. ಇದನ್ನು ಬಲ್ಲವರು ಕುರಿ ಕಾಯುವವರು, ಔಷಧಿ ಬೇರು ಹುಡುಕುವವರು, ಶ್ರಾವಣದಲ್ಲಿ ಕಪ್ಪತ ಮಲ್ಲೇಶ್ವರನಿಗೆ ಹೋಗಿಬರುವ ಊರ ಮಂದಿ.

ಫೂಟ್‌ನಿಗೂ ಇದು ಗೊತ್ತಿತ್ತು. ಸೊರಟೂರಿನ ಕಡೆ ಜಾಲಗಾರರೆಂಬ ಜನ ಹಳ್ಳದ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಜೋರು ಮಳೆ ಬಿದ್ದು ಹಳ್ಳ ಬಂದು ಇಳಿದ ಮೇಲೆ ಅವರ ಸುಗ್ಗಿ. ಆ ವಿಜ್ಞಾನಿ ಮರಳು ಪರೀಕ್ಷಿಸಿದ್ದು ಅವರ ಕೈಯಿಂದಲೇ. ಪ್ರಬಂಧದ ಮೇಲೆ ಹೆಸರು ಅವನದು; ಯಾವ ತಿರುವಿನಲ್ಲಿ ಬಾಚಬೇಕೆಂಬ ತಿಳಿವಳಿಕೆ ಅವರದು.

ಗುಡ್ಡದ ಬುಡದ ಡೋಣಿಯ ಹತ್ತಿರ ಕುರಿ ಬಿಟ್ಟುಕೊಂಡು ನಿಂತಿದ್ದ ಅಜ್ಜನೊಬ್ಬನನ್ನು ದಾರಿ ಕೇಳಿದ್ದೆ. ಆತ ದಾರಿ ಹೇಳುವ ಮೊದಲು ನನ್ನ ಚೀಲ ನೋಡಿದ. “ನೀರು ಎಷ್ಟ್ ತಂದೀರಿ ಸರ?” ಒಂದು ಬಾಟಲಿ ತೋರಿಸಿದೆ. “ಇದು ಬಾಯಿ ಮುಕ್ಕಳಿಸಾಕ ಆತು. ಉಣ್ಣಾಕೇನ್ ಮಾಡ್ತೀರಿ? ಮ್ಯಾಲ ಏನೂ ಸಿಗಂಗಿಲ್ರಿ.” ಆಮೇಲೆ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು, ಎರಡು ಕಡೆ ಕಲ್ಲಿಟ್ಟು ತೋರಿಸಿದ. ಒಂದು ಕಲ್ಲು ಹೋಗಬೇಕಾದ ಕಡೆ, ಇನ್ನೊಂದು ಹೋಗಬಾರದ ಕಡೆ. ಯಾಕೆ ಹೋಗಬಾರದೆಂದು ಕೇಳಿದ್ದಕ್ಕೆ, ಅಲ್ಲಿ ತೋಳ ಮರಿ ಹಾಕುತ್ತದೆ ಎಂದ.

ತೋಳದ ಮಾತು ಬಂದದ್ದರಿಂದ ಅನುಮತಿಯ ಮಾತೂ ಬರಬೇಕು. 2015ರಲ್ಲಿ ಈ ಗುಡ್ಡಕ್ಕೆ ಸಂರಕ್ಷಿತ ಮೀಸಲು ಪ್ರದೇಶವೆಂಬ ಸ್ಥಾನ ಸಿಕ್ಕಿತು, 2016ರಲ್ಲಿ ಹೋಯಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಅಹೋರಾತ್ರಿ ಧರಣಿ ಕೂತ ಮೇಲೆ, 2017ರಲ್ಲಿ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರಿನಷ್ಟು ಜಾಗ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, 2018ರಲ್ಲಿ ಲಿಂಗೈಕ್ಯರಾಗಿದ್ದರು. ಈಗ ಇದು ವನ್ಯಜೀವಿಧಾಮವಾದ್ದರಿಂದ ಚಾರಣ ಎಂದು ಗುಂಪು ಕಟ್ಟಿಕೊಂಡು ಹೊರಡುವವರು ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಬೇಕು. ಇದು ಕಿರಿಕಿರಿ ಎಂದು ಗೊಣಗುವವರಿದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾಲುಗಟ್ಟಿದ ಜಾತ್ರೆಯಂಥ ಮಂದಿಯ ಫೋಟೊ ಅವರು ಇನ್ನೊಮ್ಮೆ ನೋಡಲಿ.

ತಿಂಗಳ ಆಯ್ಕೆಯಲ್ಲಂತೂ ರಾಜಿ ಬೇಡ. ಹಿಮಾಲಯದ ಲೆಕ್ಕವನ್ನು ಇಲ್ಲಿಗೆ ತಂದು ಏಪ್ರಿಲ್-ಮೇ ರಜೆಗೆ ಹೊರಟರೆ ಬಿಸಿಲೇ ಕೆಳಗಿಳಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಬೆಂಕಿ. ಸಂಕ್ರಾಂತಿ ದಾಟಿದ ಮೇಲೆ ಆಳೆತ್ತರದ ಬಾದೆ ಹುಲ್ಲು ಒಣಗಿ ಗರಗರ ಎನ್ನುತ್ತದೆ; ಒಂದು ಬೀಡಿ ತುಂಡು ಬಿದ್ದರೂ ಗುಡ್ಡದ ಒಂದು ಮಗ್ಗುಲೇ ಬೋಳಾಗುತ್ತದೆ. ಬೇಸಿಗೆಯಲ್ಲಿ ರಾತ್ರಿ ಬೆಂಕಿಯ ಗೆರೆ ದೂರದ ಊರುಗಳಿಗೂ ಕಾಣುವುದುಂಟು. ಮಳೆ ಹಿಂದೆ ಸರಿದು ಹುಲ್ಲಿನ್ನೂ ಹಸಿಯಿರುವ ದಸರೆ-ದೀಪಾವಳಿಯ ನಡುವಿನ ದಿನಗಳೇ ಸರಿ. ಆಗ ಹಾವಿನ ಭಯ ಇದ್ದೇ ಇದೆ, ಕೋಲು ಬಡಿಯುತ್ತ ನಡೆಯಬೇಕು.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದೆರಡು ಉಳ್ಳಾಗಡ್ಡಿ. ಬಿಸ್ಕೀಟು ಬೇಡ, ಅದರ ಹಾಳೆ ಗುಡ್ಡದಲ್ಲೇ ಉಳಿಯುತ್ತದೆ. ದಿಕ್ಸೂಚಿ ಒಯ್ಯುವ ಶೋಕಿ ಇದ್ದವರು ಒಯ್ಯಲಿ, ಆದರೆ ಕಬ್ಬಿಣದ ಅದಿರಿನ ಬಂಡೆಗಳ ಹತ್ತಿರ ಅದರ ಮುಳ್ಳು ಸುಳ್ಳು ಹೇಳಬಹುದು.

ಇನ್ನು ಇಳಿಯುವುದು. ಡೋಣಿ ಕಡೆಯಿಂದ ಹತ್ತಿ ಅದೇ ದಾರಿಯಲ್ಲಿ ಇಳಿಯುವುದು ಸುಲಭ. ಶಿರಹಟ್ಟಿ ತಾಲ್ಲೂಕಿನ ಕಡಕೋಳದ ಕಡೆ ಇಳಿಯುವ ಆಸೆ ನನಗಿದೆ. ಜೊತೆಗೆ ಬರುವ ಗೆಳೆಯ ಒಪ್ಪುತ್ತಿಲ್ಲ: ಸಂಜೆಯ ಬಸ್ಸು ತಪ್ಪಿದರೆ ಏನು ಗತಿ ಎನ್ನುತ್ತಾನೆ. ಬಸ್ಸಿನ ಹೊತ್ತನ್ನು ಈ ವಾರ ಆ ಊರಿನವರನ್ನೇ ಕೇಳಬೇಕು. ಡಿಪೋದ ಹಲಗೆಯ ಮೇಲೆ ಬರೆದದ್ದನ್ನು ನಂಬಿ ಹೊರಡುವಷ್ಟು ವಯಸ್ಸು ನಮ್ಮಿಬ್ಬರದೂ ಅಲ್ಲ.