ಚೌಕವೂ ಆಯತವೇ: ಶಾಲೆಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಎನ್.ಆರ್. ಕಾಲೋನಿಯ ನಮ್ಮ ಮಕ್ಕಳ ಶಾಲೆಯ ಗೌರವ ಕಾರ್ಯದರ್ಶಿಗಳಿಗೆ,



ತಮಗೆ ನನ್ನ ಪರಿಚಯವಿದೆ. ಎಂಟನೇ ತರಗತಿಯ ಹುಡುಗಿಯ ಅಜ್ಜಿ, ನಿವೃತ್ತ ಗಣಿತ ಶಿಕ್ಷಕಿ, ತಮ್ಮ ಕಚೇರಿಯ ಬೆಂಚಿನ ಮೇಲೆ ಕಾದು ಕೂತವಳು. ಡೈರಿಯಲ್ಲಿ ಬರೆದು ಕಳಿಸಿದ್ದಾಯಿತು, ಹೆಡ್‌ಮಾಸ್ಟರನ್ನು ಕಂಡದ್ದಾಯಿತು, ತಮ್ಮ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೂ ಆಯಿತು. ಶಾಲೆಯ ಮಾತನ್ನು ಬೀದಿಗೆ ತರಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಇನ್ನು ಇರಲಾರೆ.

ನಡೆದದ್ದು ಈಗ ಬಡಾವಣೆಗೆಲ್ಲ ಗೊತ್ತು. ಎಫ್‌ಎ ಟೆಸ್ಟಿನಲ್ಲಿ ಕೆಲವು ಆಕೃತಿಗಳನ್ನು ಕೊಟ್ಟು ಆಯತಗಳನ್ನು ಗುರುತಿಸಿ ಎಂದು ಕೇಳಿದ್ದರು. ನಮ್ಮ ಹುಡುಗಿ ಚೌಕಕ್ಕೂ ಗುರುತು ಹಾಕಿ, ಪಕ್ಕದಲ್ಲಿ ಕಾರಣವನ್ನೂ ಬರೆದಳು: ನಾಲ್ಕೂ ಕೋನ ಲಂಬಕೋನ, ಆದ್ದರಿಂದ ಇದೂ ಆಯತ. ಅದರ ಮೇಲೆ ಕೆಂಪು ಗೆರೆ ಬಿತ್ತು. ಯಾಕೆಂದು ಕೇಳಲು ಎದ್ದವಳಿಗೆ ‘ಅಜ್ಜಿ ಪಾಠ ಮನೇಲಿಟ್ಕೊ’ ಎಂಬ ಉತ್ತರ ಸಿಕ್ಕಿತು. ಪೀರಿಯಡ್ ಮುಗಿಯುವ ತನಕ ನಿಲ್ಲಿಸಿದರು. ಹೋದದ್ದು ಒಂದು ಅಂಕ. ಅದನ್ನು ಕೊಡಿ ಎಂದು ನಾನು ಎಲ್ಲಿಯೂ ಕೇಳಿಲ್ಲ.

ನಾನು ಕೇಳುತ್ತಿರುವುದು ತಾವು ಕೊಟ್ಟ ಮಾತನ್ನು. ಪೋಷಕರ ಸಭೆಯಲ್ಲಿ ತಾವೇ ಮೈಕ್ ಹಿಡಿದು, ಬರುವ ಸೋಮವಾರ ಎಲ್ಲ ಮಕ್ಕಳ ಮುಂದೆ ತಿದ್ದಿ ಹೇಳಿಸುತ್ತೇನೆ, ಇದು ನನ್ನ ಜವಾಬ್ದಾರಿ ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಸೋಮವಾರ ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ಆಮೇಲೆ ಮಕ್ಕಳ ನೋಟ್ಸಿನಲ್ಲಿ ಒಂದು ಸಾಲು ಬರೆಸಿದರು: ‘ಚೌಕವು ಆಯತವಲ್ಲ.’ ಒಂದು ಉತ್ತರಪತ್ರಿಕೆಯಲ್ಲಿದ್ದ ತಪ್ಪು ಈಗ ಇಡೀ ತರಗತಿಯ ನೋಟ್‌ಬುಕ್ಕಿನಲ್ಲಿದೆ.

ನನ್ನ ಕಾಗದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ ಎರಡೇ ಸಾಲು. ನಮ್ಮ ಪ್ರಾಚೀನ ಗಣಿತಜ್ಞರೂ ಇವೆರಡನ್ನು ಬೇರೆಯಾಗಿಯೇ ಎಣಿಸಿದ್ದಾರೆ, ಆದ್ದರಿಂದ ಬದಲಾವಣೆಯ ಅಗತ್ಯವಿಲ್ಲ ಎಂದು. ಪ್ರಾಚೀನರ ಮಾತು ಎತ್ತಿದಿರಲ್ಲ, ಪೂರ್ತಿಯಾಗಿಯೇ ನೋಡೋಣ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರಲ್ಲಿ ಚತುರ್ಭುಜಕ್ಕೆ ಐದು ಬಗೆ: ಸಮ, ದ್ವಿಸಮ, ದ್ವಿದ್ವಿಸಮ, ತ್ರಿಸಮ, ವಿಷಮ. ಎಷ್ಟು ಬಾಹುಗಳು ಸಮ ಎಂಬುದರ ಮೇಲೆ ಮಾಡಿದ ವಿಂಗಡಣೆ ಅದು. ಚೌಕ, ಆಯತ ಬೇರೆ ಬೇರೆ ಮನೆಯಲ್ಲಿ ಕೂರುತ್ತವೆ, ನಿಜ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಹಾಗೆಯೇ ಬೇರೆ ಇಟ್ಟಿದ್ದ. ಆದರೆ ಇವತ್ತು ಮಕ್ಕಳ ಕೈಗೆ ನಾವು ಕೊಟ್ಟಿರುವ ವ್ಯಾಖ್ಯೆ ಬೇರೆ: ಒಂದು ಕೋನ ಲಂಬಕೋನವಾಗಿರುವ ಸಮಾಂತರ ಚತುರ್ಭುಜವೇ ಆಯತ. ವರ್ಷಗಟ್ಟಲೆ ಓದಿಸಿದ ಎನ್‌ಸಿಇಆರ್‌ಟಿಯ ಎಂಟನೇ ತರಗತಿ ಪುಸ್ತಕವು ಚೌಕವನ್ನು ಬಾಹುಗಳೆಲ್ಲ ಸಮವಾಗಿರುವ ಆಯತ ಎಂದೇ ಪರಿಚಯಿಸುತ್ತದೆ. ಚೌಕಗಳೆಲ್ಲ ಆಯತಗಳೂ ಹೌದು, ವಜ್ರಾಕೃತಿಗಳೂ ಹೌದು ಎಂಬುದು ಸರಿಯೋ ತಪ್ಪೋ ಎಂದು ಅಭ್ಯಾಸದಲ್ಲೂ ಕೇಳುತ್ತದೆ. ಪುಸ್ತಕದ ವ್ಯಾಖ್ಯೆ ಹಿಡಿದು ಉತ್ತರ ಬರೆದ ಮಗು ತಪ್ಪಿತಸ್ಥೆ, ಪುಸ್ತಕ ತೆರೆದು ನೋಡದವರು ಸರಿ. ಇದು ಯಾವ ನ್ಯಾಯ?

ಈ ವ್ಯಾಖ್ಯೆಯಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದನ್ನು ಹೇಳಿಕೊಡುವುದೇ ಪಾಠ. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆ ಎಂದು ಒಮ್ಮೆ ಸಾಧಿಸಿದರೆ ಆಯತ, ವಜ್ರಾಕೃತಿ, ಚೌಕ ಮೂರಕ್ಕೂ ಅದು ತಾನಾಗಿ ಸಲ್ಲುತ್ತದೆ. ಆಯತದ ಕರ್ಣಗಳು ಸಮ, ವಜ್ರಾಕೃತಿಯ ಕರ್ಣಗಳು ಲಂಬ. ಚೌಕ ಎರಡೂ ಆಗಿರುವುದರಿಂದ ಅದರ ಕರ್ಣಗಳು ಸಮವೂ ಹೌದು, ಲಂಬವೂ ಹೌದು. ಇಷ್ಟು ತಿಳಿದ ಮಗು ಏನನ್ನೂ ಬಾಯಿಪಾಠ ಮಾಡಬೇಕಿಲ್ಲ. ಚೌಕ ಆಯತವಲ್ಲ ಎಂದು ಬರೆಸಿದ ದಿನ ಈ ಸರಪಳಿ ಕಡಿದುಹೋಯಿತು. ಇನ್ನು ಪ್ರತಿ ಆಕೃತಿಗೂ ಬೇರೆ ಪಟ್ಟಿ, ಪ್ರತಿ ಪಟ್ಟಿಗೂ ಬೇರೆ ಉರು.

ಭಾಸ್ಕರಾಚಾರ್ಯರನ್ನು ತಾವು ನೆನೆಯಲಿಲ್ಲ. 1150ರ ‘ಲೀಲಾವತಿ’ಯಲ್ಲಿ, ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ನಾಲ್ಕು ಬಾಹುಗಳನ್ನಷ್ಟೇ ಕೊಟ್ಟು ಚತುರ್ಭುಜದ ವಿಸ್ತೀರ್ಣ ಕೇಳುವವರನ್ನು ಅವರು ಕಟುವಾಗಿ ಗದರುತ್ತಾರೆ. ನಾಲ್ಕು ಬಾಹು ಗೊತ್ತಾದ ಮಾತ್ರಕ್ಕೆ ಆಕೃತಿ ನಿಶ್ಚಯವಾಗುವುದಿಲ್ಲವಲ್ಲ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ ತೋರಿಸಬಹುದು. ನಾನು ಪಾಠ ಮಾಡುತ್ತಿದ್ದಾಗ ಮರದ ನಾಲ್ಕು ಪಟ್ಟಿಗಳನ್ನು, ಎದುರುಬದುರು ಒಂದೇ ಅಳತೆಯವು, ಮೂಲೆಗಳಲ್ಲಿ ಸಡಿಲವಾಗಿ ಸ್ಕ್ರೂ ಹಾಕಿ ಜೋಡಿಸುತ್ತಿದ್ದೆ. ಕರ್ಣಗಳ ಜಾಗಕ್ಕೆ ಎರಡು ರಬ್ಬರ್ ಬ್ಯಾಂಡ್. ನೇರ ನಿಲ್ಲಿಸಿದರೆ ಆಯತ, ಎರಡು ರಬ್ಬರೂ ಒಂದೇ ಉದ್ದ. ಮೆಲ್ಲಗೆ ಪಕ್ಕಕ್ಕೆ ತಳ್ಳಿದರೆ ಒಂದು ರಬ್ಬರು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ಆದರೂ ಅವು ಒಂದನ್ನೊಂದು ನಡುಮಧ್ಯದಲ್ಲೇ ದಾಟುತ್ತವೆ. ಬಾಹುಗಳು ಕೂದಲೆಳೆಯಷ್ಟೂ ಬದಲಾಗಿಲ್ಲ. ಒಳಗಿನ ಜಾಗ ಮಾತ್ರ ಕರಗುತ್ತ ಬರುತ್ತದೆ, ಕೋನ 30 ಡಿಗ್ರಿಗೆ ಇಳಿದಾಗ ವಿಸ್ತೀರ್ಣ ಸರಿಯಾಗಿ ಅರ್ಧ. ನಾಲ್ಕೂ ಪಟ್ಟಿ ಒಂದೇ ಅಳತೆಯವಾದರೆ, ಎಷ್ಟು ತಳ್ಳಿದರೂ ರಬ್ಬರುಗಳ ನಡುವೆ ಲಂಬಕೋನ ಕದಲುವುದಿಲ್ಲ. ಹಿಂದಿನ ಬೆಂಚಿನ ಮಕ್ಕಳೂ ಎದ್ದು ಬಂದು ಮೇಜಿನ ಸುತ್ತ ನಿಲ್ಲುತ್ತಿದ್ದರು. ಅಂಥದೇ ಒಂದು ಜೋಡಿ ಮಾಡಿಸಿ ತಮ್ಮ ಶಾಲೆಗೆ ಕೊಟ್ಟಿದ್ದೇನೆ. ಅದನ್ನಿಟ್ಟ ಬೀರುವಿನ ಬೀಗ ಈವರೆಗೆ ತೆರೆದಿಲ್ಲ.

ಪಟ್ಟಿ ಬೇಡವೆಂದರೆ ಮಕ್ಕಳನ್ನು ಗಾಂಧಿಬಜಾರಿಗೆ ಕರೆದುಕೊಂಡು ಹೋಗಲಿ. ಅಂಗಡಿಗಳ ಮಡಚುವ ಕಬ್ಬಿಣದ ಗೇಟಿನಲ್ಲಿ ಸಾಲು ಸಾಲು ವಜ್ರಾಕೃತಿಗಳಿವೆ. ಎಳೆದಂತೆ ಕೋನ ಬದಲಾಗುತ್ತದೆ, ಬಾಹು ಬದಲಾಗುವುದಿಲ್ಲ. ಬಾಗಿಲ ಚೌಕಟ್ಟು ಕೂರಿಸುವ ಬಡಗಿಯನ್ನು ಕೇಳಲಿ. ಎದುರುಬದುರು ಅಳತೆ ಸರಿಯಾದ ಮೇಲೂ ಅವನು ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯುತ್ತಾನೆ. ಎರಡೂ ಕರ್ಣ ಸಮ ಬಂದರೆ ಮಾತ್ರ ಚೌಕಟ್ಟಿನ ಮೂಲೆಗಳು ಲಂಬಕೋನ. ಆ ಪ್ರಮೇಯ ಅವನಿಗೆ ಕೆಲಸದಲ್ಲಿ ಗೊತ್ತು, ತಮ್ಮ ಶಾಲೆಯ ಮಕ್ಕಳಿಗೆ ಗೈಡಿನಲ್ಲಿ ಮಾತ್ರ ಗೊತ್ತು.

ಡಚ್ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲ, ಮಗು ಆಕೃತಿಗಳನ್ನು ಹೇಗೆ ಕಲಿಯುತ್ತದೆ ಎಂಬುದನ್ನು 1957ರಲ್ಲೇ ಬಿಡಿಸಿ ಹೇಳಿದ್ದರು. ಮಗು ಮೊದಲು ಆಕೃತಿಯನ್ನು ಕಣ್ಣಳತೆಯಲ್ಲಿ ಗುರುತಿಸುತ್ತದೆ, ಆಮೇಲೆ ಅದರ ಗುಣಗಳನ್ನು ಕಾಣುತ್ತದೆ, ಆ ಗುಣಗಳಿಂದ ಒಂದು ಆಕೃತಿ ಇನ್ನೊಂದರ ಒಳಗೆ ಬರುತ್ತದೆ ಎಂಬುದು ಅದರ ಮುಂದಿನ ಮೆಟ್ಟಿಲು. ನಮ್ಮ ಹುಡುಗಿ ಆ ಮೆಟ್ಟಿಲು ಹತ್ತಿದ್ದಳು. ನಿಮ್ಮ ಶಾಲೆ ಅವಳನ್ನು ಕೆಳಕ್ಕೆ ಎಳೆಯಿತು, ಅದೂ ನಲವತ್ತು ಮಕ್ಕಳ ಎದುರು.

ಇದು ಒಬ್ಬ ಟೀಚರಿನ ತಪ್ಪೆಂದು ನಾನು ಹೇಳುವುದಿಲ್ಲ. ಆಕೆಗೆ ನೀವು ಕೊಡುವ ಸಂಬಳ ಎಷ್ಟು, ದಿನಕ್ಕೆ ಎಷ್ಟು ಪೀರಿಯಡ್ ಹೊರಿಸಿದ್ದೀರಿ ಎಂಬುದು ಕಾಲೋನಿಗೆಲ್ಲ ಗೊತ್ತು. ಪುಸ್ತಕ ತೆರೆದು ಯೋಚಿಸಲು ಬಿಡುವು ಕೊಡದೆ ಫಲಿತಾಂಶ ಮಾತ್ರ ಕೇಳಿದರೆ ಅವರು ಗೈಡ್ ಹಿಡಿಯದೆ ಇನ್ನೇನು ಮಾಡಿಯಾರು? 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಎಂಟನೇ ತರಗತಿಯಿಂದ ಚತುರ್ಭುಜ ರಚನೆಯ ಅಧ್ಯಾಯವನ್ನೇ ಕೈಬಿಟ್ಟಿತು. ಕೈವಾರ ಹಿಡಿದು ಚತುರ್ಭುಜ ಎಳೆಯದ ಮಗುವಿಗೆ ಐದು ಅಳತೆ ಯಾಕೆ ಬೇಕು, ನಾಲ್ಕು ಯಾಕೆ ಸಾಲದು ಎಂಬುದು ಹೇಗೆ ತಿಳಿಯಬೇಕು? ಕೈಬಿಟ್ಟದ್ದನ್ನು ಕಲಿಸಬಾರದೆಂದು ಯಾರೂ ಹೇಳಿಲ್ಲ. ನಿಮಗೆ ಶಾಲೆಯ ಕಮಾನಿಗೆ, ವಾರ್ಷಿಕೋತ್ಸವದ ಪೆಂಡಾಲಿಗೆ, ಎಸ್‌ಎಸ್‌ಎಲ್‌ಸಿ ರ‍್ಯಾಂಕಿನ ಬ್ಯಾನರಿಗೆ ದುಡ್ಡಿದೆ. ಗಣಿತಕ್ಕೆ ಇನ್ನೊಬ್ಬ ಟೀಚರನ್ನು ನೇಮಿಸಲು ಇಲ್ಲ. ಕನ್ನಡ ಮಾಧ್ಯಮದ ಸೆಕ್ಷನ್ ಮುಚ್ಚುವಾಗ ಗಣಿತ ಕನ್ನಡದಲ್ಲಿ ಆಗುವುದಿಲ್ಲ ಎಂದಿರಿ. 12ನೇ ಶತಮಾನದಲ್ಲಿ ರಾಜಾದಿತ್ಯ ‘ಕ್ಷೇತ್ರಗಣಿತ’ವನ್ನು ಬರೆದದ್ದು ಕನ್ನಡದಲ್ಲಿಯೇ. ಎಚ್. ನರಸಿಂಹಯ್ಯನವರು ಪ್ರಾಂಶುಪಾಲರಾಗಿದ್ದ ನ್ಯಾಷನಲ್ ಕಾಲೇಜು ಇಲ್ಲಿಂದ ನಡೆದು ಹೋಗುವ ದೂರ. ಪ್ರಶ್ನೆ ಕೇಳಿ ಎಂದು ಜೀವಮಾನವೆಲ್ಲ ಹೇಳಿದ ಮನುಷ್ಯನ ಬಸವನಗುಡಿಯಲ್ಲಿ, ಪ್ರಶ್ನೆ ಕೇಳಿದ ಮಗುವನ್ನು ನಿಲ್ಲಿಸುತ್ತೀರಿ.

ಆ ಸೋಮವಾರದ ಮಾತು ಕೊಟ್ಟವರು ನೀವು, ಟೀಚರಲ್ಲ, ಹೆಡ್‌ಮಾಸ್ಟರಲ್ಲ. ಅಂದಿನಿಂದ ನಮ್ಮ ಹುಡುಗಿ ಗಣಿತದ ಪೀರಿಯಡ್ಡಿನಲ್ಲಿ ಕೈ ಎತ್ತುವುದನ್ನು ಬಿಟ್ಟಿದ್ದಾಳೆ. ಪರೀಕ್ಷೆಯಲ್ಲಿ ಯಾವುದು ಬರೀಲಿ, ಸರಿಯಾದದ್ದೋ ಟೀಚರ್ ಹೇಳಿದ್ದೋ ಎಂದು ಮೊನ್ನೆ ನನ್ನನ್ನು ಕೇಳಿದಳು. ಶಾಲೆಯಿಂದ ಒಂದು ಮಗು ಇದನ್ನು ಕಲಿತು ಬಂದರೆ ಆ ಶಾಲೆ ಏನು ಕಲಿಸಿದ ಹಾಗಾಯಿತು?

ಇತರ ಪೋಷಕರಲ್ಲಿ ನನ್ನದೊಂದು ವಿನಂತಿ. ಇವತ್ತೇ ಮಕ್ಕಳ ಗಣಿತದ ನೋಟ್‌ಬುಕ್ ತೆರೆದು ನೋಡಿ. ಆ ಸಾಲು ಇದ್ದರೆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಕಾರ್ಯದರ್ಶಿಗಳೇ, ಎಸ್‌ಎ ಪರೀಕ್ಷೆಗೆ ಮೊದಲು ತರಗತಿಯ ಹಲಗೆಯ ಮೇಲೆ ಆ ಪ್ರಶ್ನೆಯನ್ನು ಮತ್ತೆ ಬರೆಸಿ, ಸರಿಯುತ್ತರವನ್ನು ಕಾರಣ ಸಮೇತ ಹೇಳಿಸಿ, ನೋಟ್ಸಿನ ಸಾಲು ಹೊಡೆಸಿ. ನಿಂತ ಮಗುವಿನ ಉತ್ತರ ಸರಿಯಿತ್ತು ಎಂದು ಅದೇ ಮಕ್ಕಳ ಮುಂದೆ ಹೇಳಿಸಿ. ಒಂದು ಪೀರಿಯಡ್ ಸಾಕು. ಇಲ್ಲದಿದ್ದರೆ ಈ ಪತ್ರ ಪೋಷಕರ ಸಹಿಗಳೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತದೆ.

ಇತಿ,
ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಜ್ಜಿ
ಎನ್.ಆರ್. ಕಾಲೋನಿ, ಬೆಂಗಳೂರು