ಅಂಗಿಯನ್ನು ಕಳೆಯುವುದೋ, ತೆಗೆಯುವುದೋ?

ಕಲಬುರಗಿ, ಬೀದರ ಕಡೆಯ ಹಿರಿಯರಿರುವ ಮನೆಗಳಲ್ಲಿ ಬೆಳೆದ ವಿದ್ಯಾರ್ಥಿಗಳು, ಶಾಲೆಯಿಂದ ಹಿಂದಿರುಗಿದೊಡನೆ 'ಅಂಗಿ ಕಳಿ' ಎಂಬ ಮಾತನ್ನು ಕೇಳಿಯೇ ಇರುತ್ತಾರೆ. ಕೇಳಿ ನಕ್ಕವರೂ ಉಂಟು. ಕಳೆಯುವುದು ಲೆಕ್ಕದ ಪುಸ್ತಕದಲ್ಲಲ್ಲವೇ, ಅಂಗಿಯನ್ನು ಕಳೆದರೆ ಉಳಿಯುವುದೆಷ್ಟು ಎಂಬುದು ಅವರ ವಿನೋದ. 'ತೆಗೆ' ಎಂಬುದೇ ಶುದ್ಧ, 'ಕಳಿ' ಎಂಬುದು ಹಳ್ಳಿಯವರ ಮಾತು ಎಂಬ ಭಾವನೆ ನಮ್ಮ ನಗರದ ಕನ್ನಡ ಮಕ್ಕಳಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪಲಾರೆ.

'ಕಳಿ' ಎಂಬುದು 'ಕಳೆ' ಎಂಬ ಹಳಗನ್ನಡ ಧಾತುವಿನ ಆಡುರೂಪ. ಮೈಮೇಲಿನದನ್ನು ನೀಗು, ಕಿತ್ತು ಹಾಕು ಎಂದು ಅದರ ಅರ್ಥ. ಹೊಲದಲ್ಲಿ ರೈತನು ಕೀಳುವ ಕಳೆಗೂ ಇದೇ ಮೂಲ, ಕೀಳಬೇಕಾದುದೇ ಕಳೆ!

'ಕಳಚು' ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ನೋಡುವುದಕ್ಕೆ ಅದು 'ಕಳೆ'ಯ ತಮ್ಮನಂತಿದ್ದರೂ ಹುಟ್ಟಿದ ಮನೆ ಬೇರೆ. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವೊಂದಿತ್ತು. 'ಕೞಲ್' ಎಂದರೆ ಸಡಿಲವಾಗು, ತಾನಾಗಿ ಜಾರು. ಅದಕ್ಕೆ ಪ್ರೇರಣೆಯ 'ಚು' ಸೇರಿ 'ಕೞಲ್ಚು' ಆಯಿತು. ಎಂದರೆ ಸಡಿಲಿಸಿ ಜಾರಿಸು. ಕ್ರಮೇಣ ೞ ಮರೆಯಾಗಿ ಅದರ ಸ್ಥಾನದಲ್ಲಿ ಳ ನಿಂತು, 'ಕಳಚು' ಉಳಿಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತೆಂದರೆ, ಆ ವೇಳೆಗಾಗಲೇ ಜನ ಅದನ್ನು ಮರೆಯುತ್ತಿದ್ದರೆಂದೇ ತಿಳಿಯಬೇಕು. ತಮಿಳರು ಮಾತ್ರ ಇಂದಿಗೂ ಅಂಗಿಯನ್ನೂ ಉಂಗುರವನ್ನೂ 'ಕೞಟ್ಟು'ತ್ತಾರೆ.

ಇನ್ನು 'ಬಿಚ್ಚು'. ಹೂ ಬಿರಿಯುವ 'ಬಿರಿ'ಯಿಂದ 'ಬಿರ್ಚು', ಅದರಿಂದ 'ಬಿಚ್ಚು'. ನಮ್ಮ ನೆರೆಯ ತೆಲುಗರ ಹೂವು 'ವಿಚ್ಚು'ವುದೂ ಇದೇ ಬಳ್ಳಿಯದು.

ಹಿಂದಿನವರು ಈ ಪದಗಳನ್ನು ಮನಬಂದಂತೆ ಬಳಸಲಿಲ್ಲ. ಸೀರೆ ಧೋತರಗಳನ್ನು ಉಡುವರು, ಉಂಗುರ, ಕುಪ್ಪಸ, ಅಂಗಿಗಳನ್ನು ತೊಡುವರು, ಶಾಲನ್ನು ಹೊದೆಯುವರು, ಹೂವನ್ನು ಮುಡಿಯುವರು, ರುಮಾಲನ್ನು ಸುತ್ತುವರು, ಪಾದರಕ್ಷೆಯನ್ನು ಮೆಟ್ಟುವರು. ಸುತ್ತಿ ಕಟ್ಟಿದುದನ್ನು ಬಿಚ್ಚುವುದು ಸಹಜ, ತೊಟ್ಟುದನ್ನು ಜಾರಿಸಿ ಕಳಚುವುದು ಸಹಜ. ಬಳೆಯನ್ನು ಬಿಚ್ಚಲು ಸಾಧ್ಯವೇ? ಕೈಯ ಕೆಲಸವನ್ನು ಕಣ್ಣಾರೆ ಕಂಡು ಇಟ್ಟ ಹೆಸರುಗಳಿವು. ಇವೆಲ್ಲಕ್ಕೂ 'ಹಾಕು', 'ತೆಗೆ' ಎಂಬ ಎರಡೇ ಪದಗಳನ್ನು ಸಾಕುಮಾಡಿಕೊಂಡರೆ ನಷ್ಟ ನಮ್ಮದೇ.

ಪರಭಾಷೆಗಳಲ್ಲಿಯೂ ಇಂಥ ಪದಗಳುಂಟು. ಇಂಗ್ಲಿಷಿನ 'ಡಾಫ್' ಎಂಬುದು 'ಡೂ', 'ಆಫ್' ಎಂಬೆರಡರ ಬೆಸುಗೆ. ಟೋಪಿ ತೆಗೆದು ವಂದಿಸುವಲ್ಲಿ ಅದು ಇನ್ನೂ ಜೀವ ಹಿಡಿದಿದೆ. ನೂಲಿನ ಗಿರಣಿಗಳಲ್ಲಿ ತುಂಬಿದ ಬಾಬಿನುಗಳನ್ನು ಕಳಚುವವನಿಗೂ 'ಡಾಫರ್' ಎಂದೇ ಹೆಸರು. ನಮ್ಮ ಮೆಹದಿಪಟ್ಟಣಂ ಬೀದಿಯ ಉರ್ದುವಿನಲ್ಲಾದರೋ 'ಉತರ್ನಾ' ಎಂದರೆ ಬಸ್ಸಿನಿಂದ ಇಳಿಯುವುದು, 'ಉತಾರ್ನಾ' ಎಂದರೆ ಇಳಿಸುವುದು. ಅಂಗಿಯನ್ನೂ ಜೋಡನ್ನೂ ಹೀಗೆಯೇ 'ಇಳಿಸು'ತ್ತಾರೆ. ಅದೂ ಚೆಲುವಾದ ಮಾತೇ. ಆ ಚೆಲುವನ್ನು ಮೆಚ್ಚುವ ನಮ್ಮ ಹುಡುಗರಿಗೆ ಅಜ್ಜಿಯ 'ಕಳಿ' ಮಾತ್ರ ಏಕೆ ನಗೆಯ ವಸ್ತುವಾಗಬೇಕು?

ವಿಚಿತ್ರವೆಂದರೆ, ಬಟ್ಟೆಯಿಂದ ದೂರವಾದ 'ಕಳಚು' ಬೇರೆಡೆಗಳಲ್ಲಿ ಗಟ್ಟಿಯಾಗಿದೆ. ಹಾವು ಪೊರೆ ಕಳಚುತ್ತದೆ, ವಂಚಕನ ಮುಖವಾಡ ಕಳಚುತ್ತದೆ. ಹಿರಿಯರೊಬ್ಬರು ತೀರಿಕೊಂಡರೆ 'ಕೊಂಡಿ ಕಳಚಿತು' ಎಂದು ಪತ್ರಿಕೆಗಳು ಬರೆಯುತ್ತವೆ.

1956ರವರೆಗೆ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದು ರಾಜ್ಯದಲ್ಲಿದ್ದುವು. ಆ ಸೀಮೆಯಿಂದ ಈ ನಗರಕ್ಕೆ ಬಂದು ನೆಲೆಸಿದವರು ಗಂಟುಮೂಟೆಗಳೊಡನೆ ಈ ಪದಗಳನ್ನೂ ತಂದರು. ಕಿಟ್ಟೆಲ್ಲರ 1894ರ ನಿಘಂಟು ಕೈಗೆ ಸಿಕ್ಕಿದಾಗ 'ಕಳೆ', 'ಕಳಚು' ಎಂಬ ಎರಡನ್ನೂ ತೆರೆದು ನೋಡಿರಿ. ಆದರೆ ಅದಕ್ಕೆ ಮೊದಲು, ಇಂದು ಸಂಜೆಯೇ, ಉಡುವುದಕ್ಕೂ ತೊಡುವುದಕ್ಕೂ ಏನು ಭೇದವೆಂದು ಮನೆಯ ಅಜ್ಜಿಯನ್ನು ಕೇಳಿರಿ.