ಸೂಜಿಯ ಭಯ ಹೇಡಿತನವೆ?

ಭಯಗಳಲ್ಲಿಯೂ ಮೇಲುಕೀಳೆಂಬ ಭೇದವುಂಟು. ಹಾವಿಗೆ ಹೆದರಿದವನನ್ನು ಕಂಡು ಯಾರೂ ನಗುವುದಿಲ್ಲ. ಹುಲಿಗೆ ಹೆದರಿದವನು ವಿವೇಕಿಯೆನಿಸಿಕೊಳ್ಳುತ್ತಾನೆ. ಆದರೆ ಪ್ರಾಯಕ್ಕೆ ಬಂದವರು ಸೂಜಿಗೆ ಹೆದರಿದರೆ ಎಲ್ಲರಿಗೂ ನಗೆ. "ಕ್ಯಾನ್ಸರನ್ನೇ ಎದುರಿಸಿದವರು ಇಷ್ಟು ಸಣ್ಣ ಸೂಜಿಗೆ ಅಂಜುವುದೆ?" ಎಂದು ಬಂಧುಗಳೇ ಕೇಳುವುದುಂಟು. ಈ ನಗೆ ಅನ್ಯಾಯವಾದುದು ಮಾತ್ರವಲ್ಲ, ಅಪಾಯಕರವಾದುದೂ ಹೌದೆಂಬುದು ನನ್ನ ಅಭಿಪ್ರಾಯ.

ರೋಗಿ ತನಗೆ ತಾನೇ ಚುಚ್ಚಿಕೊಳ್ಳುವ ಪ್ರಸಂಗವಾದರೂ ಏಕೆ ಬರುತ್ತದೆ? ಕೀಮೋ ಔಷಧಿಗಳು ಬೇಗಬೇಗ ವೃದ್ಧಿಯಾಗುವ ಜೀವಕಣಗಳನ್ನು ಕೊಲ್ಲುತ್ತವೆ. ರೋಗದ ಕಣಗಳೊಡನೆ ಮೂಳೆಯ ಮಜ್ಜೆಯೂ ಪೆಟ್ಟು ತಿಂದು, ಸೋಂಕಿನಿಂದ ನಮ್ಮನ್ನು ಕಾಯುವ ಬಿಳಿಯ ರಕ್ತಕಣಗಳು ಕಡಮೆಯಾಗುತ್ತವೆ. ಅವನ್ನು ಮತ್ತೆ ಹೆಚ್ಚಿಸಲು 1991ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಫಿಲ್‌ಗ್ರಾಸ್ಟಿಮ್ ಎಂಬ ಔಷಧಿಯಿದೆ. ಕೀಮೋ ಮುಗಿದು ಕನಿಷ್ಠ 24 ಗಂಟೆ ಕಳೆದ ಮೇಲೆ, ವೈದ್ಯರು ಹೇಳಿದಷ್ಟು ದಿನ, ದಿನಕ್ಕೊಮ್ಮೆ ಇದನ್ನು ಚರ್ಮದ ಕೆಳಗಿನ ಕೊಬ್ಬಿಗೆ ಚುಚ್ಚಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳಿಗೆ ನಾಡಿನ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಒಂದು ಸೂಜಿಗಾಗಿ ಪ್ರತಿದಿನ ಅಲ್ಲಿಗೆ ಹೋಗಿ ಬರುವುದು ಸಾಧ್ಯವೆ? ಔಷಧಿ ತಪ್ಪಿದರೆ ಬಿಳಿಯ ಕಣಗಳು ಏರದೆ ಮುಂದಿನ ಕೀಮೋ ತಡವಾಗಬಹುದು; ಸೋಂಕು ತಗಲಿದರೆ ಪ್ರಾಣಕ್ಕೇ ಸಂಚಕಾರ.

ನಮ್ಮ ಚಿಕ್ಕಮ್ಮನವರು ಕೀಮೋದ ವಾಂತಿಯನ್ನೂ ತಲೆಗೂದಲು ಉದುರಿದ್ದನ್ನೂ ಸದ್ದಿಲ್ಲದೆ ಸಹಿಸಿದವರು. ಆದರೆ ಸೂಜಿ ಹಿಡಿದೊಡನೆ ಅವರ ಮುಖ ಬಿಳಿಚಿ, ಕಣ್ಣು ಕತ್ತಲಿಡುತ್ತಿತ್ತು. ಮನೆಯವರು ನಕ್ಕರು. ಮರುದಿನ ಅವರು ಬಾಗಿಲು ಹಾಕಿಕೊಂಡು, ಔಷಧಿಯನ್ನು ಹಾಗೆಯೇ ಇಟ್ಟು, "ಆಯಿತು" ಎಂದುಬಿಟ್ಟರು. ಅಂಜಿಕೆಯನ್ನು ನಗೆಯಿಂದ ಓಡಿಸಲಾಗದು. ನಗೆಯಿಂದ ಅದು ಬಾಗಿಲು ಹಾಕಿಕೊಳ್ಳುತ್ತದೆ, ಅಷ್ಟೆ.

ವಿಜ್ಞಾನವು ಈ ಭಯವನ್ನು ಹೇಡಿತನವೆಂದು ಕರೆಯುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 1994ರ ತನ್ನ ಪಟ್ಟಿಯಲ್ಲಿ ರಕ್ತ, ಸೂಜಿ, ಗಾಯಗಳ ಭಯಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಬೇರೆ ಭಯಗಳಲ್ಲಿ ಎದೆಬಡಿತ ಏರುತ್ತದೆ. ಇದರಲ್ಲಾದರೋ ಮೊದಲು ಏರಿ, ಅನಂತರ ತಟ್ಟನೆ ಇಳಿದು, ರಕ್ತದೊತ್ತಡ ಕುಸಿದು ಮೂರ್ಛೆ ಬರುವುದುಂಟು. ಅನೇಕ ವೇಳೆ ಇದು ಒಂದೇ ಮನೆತನದಲ್ಲಿ ಹಲವರಿಗೆ ಇರುತ್ತದೆ. ಹೀಗಿರುವಲ್ಲಿ "ಧೈರ್ಯ ತಂದುಕೊ" ಎಂದರೆ, ಜ್ವರ ಬಂದವನಿಗೆ "ಮೈ ತಣ್ಣಗೆ ಮಾಡಿಕೊ" ಎಂದಂತೆಯೇ ಸರಿ.

ಹಾಗಾದರೆ ಉಪಾಯವೇನು? ಮೂರ್ಛೆ ಬರುವವರಿಗಾಗಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ಅವರು 1987ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಒಂದು ಸರಳ ಅಭ್ಯಾಸವನ್ನು ವಿವರಿಸಿದರು. ಕುಳಿತುಕೊಂಡು ಕೈ, ಕಾಲು, ಹೊಟ್ಟೆಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿಯುವುದು. ಅರ್ಧ ನಿಮಿಷದಷ್ಟು ಸಡಿಲಬಿಟ್ಟು ಮತ್ತೆ ಬಿಗಿಹಿಡಿಯುವುದು. ಹೀಗೆ ಐದು ಬಾರಿ. ಇದರಿಂದ ರಕ್ತದೊತ್ತಡ ಕುಸಿಯದು. ಚುಚ್ಚುವಾಗ ಮಾತ್ರ ಆ ಭಾಗ ಸಡಿಲವಾಗಿರಬೇಕು. ಇನ್ನು ನೋವಿಗೂ ಮಾರ್ಗಗಳುಂಟು. ಫ್ರಿಜ್ಜಿನಲ್ಲಿಟ್ಟ ಔಷಧಿಯನ್ನು ಅರ್ಧ ಗಂಟೆ ಮೊದಲೇ ಹೊರತೆಗೆದಿಟ್ಟರೆ ಉರಿ ಕಡಮೆ. ಸ್ಪಿರಿಟ್ಟು ಒಣಗಿದ ಮೇಲೆಯೇ ಚುಚ್ಚಬೇಕು. ಹೊಕ್ಕುಳಿನಿಂದ ಎರಡು ಅಂಗುಲ ದೂರದಲ್ಲಿ, ದಿನಕ್ಕೊಂದು ಜಾಗ ಬದಲಿಸುತ್ತಿರಬೇಕು. ವೈದ್ಯರು ಒಪ್ಪಿದರೆ ಮರಗಟ್ಟಿಸುವ ಮುಲಾಮನ್ನು ಒಂದು ಗಂಟೆ ಮುಂಚೆ ಹಚ್ಚಬಹುದು.

ಚಿಕ್ಕಮ್ಮನವರಿಗೆ ಸಹಾಯವಾದುದು ನಮ್ಮೂರ ಆಸ್ಪತ್ರೆಯ ದಾದಿಯೊಬ್ಬರು. ಅವರು ಉಪದೇಶ ಮಾಡಲಿಲ್ಲ. ಮೊದಲು ಸೂಜಿಯಿಲ್ಲದ ಸಿರಿಂಜನ್ನು ಕೈಗೆ ಕೊಟ್ಟರು. ಆಮೇಲೆ ಕಿತ್ತಳೆಹಣ್ಣಿಗೆ ನೀರು ಚುಚ್ಚಿಸಿದರು. ಮೂರನೆಯದಾಗಿ ಚಿಕ್ಕಮ್ಮನ ಕೈಯ ಮೇಲೆ ತಮ್ಮ ಕೈಯಿಟ್ಟು ಔಷಧಿ ಕೊಡಿಸಿದರು. ಅರ್ಧ ಗಂಟೆಯ ಕೆಲಸ. ಭಯ ಪೂರಾ ಹೋಗಲಿಲ್ಲ. ಆದರೆ ಔಷಧಿ ಮತ್ತೆ ತಪ್ಪಲಿಲ್ಲ.

"ಮನೆಯವರೇ ಚುಚ್ಚಿದರಾಗದೆ?" ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಆಗುತ್ತದೆ, ಅದರಲ್ಲಿ ಸೋಲೇನೂ ಇಲ್ಲ. ಆದರೆ ಹಾಗೆ ಕೇಳಿಕೊಳ್ಳಬೇಕಾದರೂ ರೋಗಿಗೆ "ನನಗೆ ಹೆದರಿಕೆ" ಎಂದು ಬಾಯಿಬಿಡುವ ಸ್ವಾತಂತ್ರ್ಯ ಬೇಕು. ಔಷಧಿಯ ಚೀಟಿ ಬರೆಯುವಾಗಲೇ "ನಿಮಗೆ ಸೂಜಿಯ ಭಯವುಂಟೆ?" ಎಂದು ಕೇಳುವುದೂ, ಉಂಟೆಂದವರಿಗೆ ಆ ಅರ್ಧ ಗಂಟೆಯನ್ನು ಕೊಡುವುದೂ ಚಿಕಿತ್ಸೆಯ ಭಾಗವೇ ಆಗಬೇಕು.

ನಮ್ಮಲ್ಲಿ ಯಾರೂ ವೈದ್ಯರಾಗಲು ಈ ಕಾಲೇಜಿಗೆ ಬಂದವರಲ್ಲ. ಆದರೂ ಇಂತಹ ರೋಗಿಯ ಮಗ್ಗುಲಲ್ಲಿ ಕುಳಿತುಕೊಳ್ಳುವ ದಿನ ನಮಗೂ ಬರಬಹುದು. ಹೆದರಿದವರ ಮೇಲೆ ಹಾವು ಎಸೆಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾವು ನಗದೆ, ಅವಸರಪಡಿಸದೆ, "ಹೆದರಿಕೆಯಾಗುತ್ತಿದೆಯೆ? ಆಗಲಿ, ನಾನಿಲ್ಲೇ ಇರುತ್ತೇನೆ" ಎನ್ನುವಷ್ಟನ್ನಾದರೂ ಕಲಿಯೋಣ.